1941ರ ಪಟ್ಟ ವಿಲಿಯಮ್ಸ್‌ಗೆ ಸಲ್ಲಬೇಕಿತ್ತು

ಅಮೆರಿಕದ ಬೇಸ್‌ಬಾಲ್‌ನಲ್ಲಿ 1941ರ ಸೀಸನ್ ಎಂದರೆ ಇಬ್ಬರ ಹೆಸರು ಜೊತೆಯಲ್ಲೇ ಬರುತ್ತದೆ. ನ್ಯೂಯಾರ್ಕ್ ಯಾಂಕೀಸ್ ತಂಡದ ಜೋ ಡಿಮ್ಯಾಜಿಯೊ ಮೇ 15ರಿಂದ ಜುಲೈ 16ರವರೆಗೆ ಸತತ 56 ಪಂದ್ಯಗಳಲ್ಲಿ, ಪ್ರತಿ ಪಂದ್ಯಕ್ಕೂ ಕನಿಷ್ಠ ಒಂದು ಹಿಟ್ ಬಾರಿಸಿದರು. ಬಾಸ್ಟನ್ ರೆಡ್ ಸಾಕ್ಸ್‌ನ ಟೆಡ್ ವಿಲಿಯಮ್ಸ್ .406 ಸರಾಸರಿಯೊಡನೆ ಸೀಸನ್ ಮುಗಿಸಿದರು. ಅಂದರೆ ಲೆಕ್ಕಕ್ಕೆ ಬರುವ ಪ್ರತಿ ಹತ್ತು ಅವಕಾಶಗಳಲ್ಲಿ ನಾಲ್ಕಕ್ಕೂ ಮಿಕ್ಕಿ ಹಿಟ್. ಹತ್ತರಲ್ಲಿ ಮೂರು ಬಾರಿಸಿದವನೇ ಒಳ್ಳೆಯ ಬ್ಯಾಟರ್ ಎನಿಸಿಕೊಳ್ಳುವ ಆಟವಿದು. ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರನನ್ನು ಆರಿಸುವ ಪತ್ರಕರ್ತರು ಡಿಮ್ಯಾಜಿಯೊಗೆ 291 ಅಂಕ ಕೊಟ್ಟರು, ವಿಲಿಯಮ್ಸ್‌ಗೆ 254. ಆ ತೀರ್ಪು ತಪ್ಪು ಎಂಬುದು ನನ್ನ ವಾದ.

ಸತತ ಹಿಟ್‌ಗಳ ದಾಖಲೆಗೆ ದಿನಕ್ಕೊಂದು ಹಿಟ್ ಸಾಕು. ನಾಲ್ಕು ಬಾರಿಸಿದ ದಿನಕ್ಕೂ ಅಲ್ಲಿ ಹೆಚ್ಚಿನ ಬೆಲೆಯಿಲ್ಲ. ಆ 56 ಪಂದ್ಯಗಳಲ್ಲಿ ಡಿಮ್ಯಾಜಿಯೊ ಸರಾಸರಿ .408. ಅದೇ ದಿನಗಳಲ್ಲಿ ವಿಲಿಯಮ್ಸ್ ಸರಾಸರಿ .412! ದೇಶವೆಲ್ಲ ಒಬ್ಬನ ಕಡೆ ನೋಡುತ್ತಿದ್ದಾಗ ಇನ್ನೊಬ್ಬ ಅವನಿಗಿಂತ ತುಸು ಚೆನ್ನಾಗಿಯೇ ಆಡುತ್ತಿದ್ದ. ಸಾಲದ್ದಕ್ಕೆ ಪಿಚರ್‌ಗಳು ವಿಲಿಯಮ್ಸ್‌ಗೆ ಹೊಡೆಯುವಂಥ ಚೆಂಡು ಹಾಕಲು ಅಂಜುತ್ತಿದ್ದರು. ನಾಲ್ಕು ಕೆಟ್ಟ ಎಸೆತ ಬಿದ್ದರೆ ಬ್ಯಾಟರ್ ಹೊಡೆಯದೆಯೇ ಮೊದಲ ಬೇಸ್‌ಗೆ ಹೋಗುತ್ತಾನೆ. ಆ ವರ್ಷ ವಿಲಿಯಮ್ಸ್ ಹೀಗೆ 147 ಸಲ ಹೋದರು. ಸರಾಸರಿಯ ಲೆಕ್ಕಕ್ಕೆ ಬಾರದಿದ್ದರೂ ತಂಡಕ್ಕೆ ಇದು ನಿಜವಾದ ಲಾಭ. ಹೋಮ್ ರನ್‌ಗಳಲ್ಲೂ ಅವರದೇ ಮೇಲುಗೈ, 30ಕ್ಕೆ ಎದುರಾಗಿ 37.

ಯಾಂಕೀಸ್ ಲೀಗ್ ಗೆದ್ದಿತಲ್ಲ, ರೆಡ್ ಸಾಕ್ಸ್ 17 ಪಂದ್ಯಗಳಷ್ಟು ಹಿಂದಿತ್ತಲ್ಲ ಎಂದು ಕೇಳುವವರಿದ್ದಾರೆ. ಡಿಮ್ಯಾಜಿಯೊ ಫೀಲ್ಡಿಂಗ್‌ನಲ್ಲಿ ಎಷ್ಟೋ ಮೇಲು, ಅದನ್ನು ಒಪ್ಪಲೇಬೇಕು. ಆದರೆ ಇಷ್ಟು ದೊಡ್ಡ ಅಂತರವನ್ನು ಒಬ್ಬ ಆಟಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಪ್ರತಿದಿನ ಹಿಟ್ ಬಾರಿಸಲೇಬೇಕೆಂಬ ಒತ್ತಡ ವಿಲಿಯಮ್ಸ್‌ಗೆ ಇರಲಿಲ್ಲ ಎನ್ನುವವರು ಸೆಪ್ಟೆಂಬರ್ 28ನ್ನು ನೋಡಬೇಕು. ಅಂದು ಬೆಳಗ್ಗೆ ಅವರ ಲೆಕ್ಕ 448 ಅವಕಾಶಗಳಲ್ಲಿ 179 ಹಿಟ್, ಸರಾಸರಿ .39955. ಅಂಕಿ ಸರಿಹೊಂದಿಸಿದರೆ .400 ಆಗಿಯೇ ದಾಖಲಾಗುತ್ತಿತ್ತು. ಬೇಕಾದರೆ ಕೂತುಬಿಡು ಎಂದು ಮ್ಯಾನೇಜರ್ ಜೋ ಕ್ರೋನಿನ್ ಹೇಳಿದರೂ 23ರ ಆ ಹುಡುಗ ಒಪ್ಪಲಿಲ್ಲ. ಫಿಲಡೆಲ್ಫಿಯಾದಲ್ಲಿ ಅಂದು ನಡೆದ ಎರಡೂ ಪಂದ್ಯ ಆಡಿ, ಎಂಟು ಅವಕಾಶಗಳಲ್ಲಿ ಆರು ಹಿಟ್ ಬಾರಿಸಿದ. .406 ಬಂದದ್ದು ಹಾಗೆ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದಿದೆ. 1941ರಲ್ಲಿ ಈ ಲೀಗ್‌ನಲ್ಲಿ ಕಪ್ಪು ಆಟಗಾರರಿಗೆ ಪ್ರವೇಶವೇ ಇರಲಿಲ್ಲ. ಹಾಗಿರುವಾಗ ಯಾರು ದೊಡ್ಡವರೆಂಬ ಮಾತಿಗೆ ಅರ್ಥವೇನು? ಇಬ್ಬರ ಹೋಲಿಕೆಗೆ ಇದರಿಂದ ಧಕ್ಕೆಯಿಲ್ಲ, ಇಬ್ಬರೂ ಎದುರಿಸಿದ್ದು ಅದೇ ಬೇಲಿಯೊಳಗಿನ ಪಿಚರ್‌ಗಳನ್ನು. ಆದರೆ .400 ದಾಟಿದ ಕೊನೆಯವರು ವಿಲಿಯಮ್ಸ್ ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. 2024ರಲ್ಲಿ, ಕಪ್ಪು ಆಟಗಾರರು ಆಡುತ್ತಿದ್ದ ನೀಗ್ರೋ ಲೀಗ್‌ಗಳ ಅಂಕಿಅಂಶ ಅಧಿಕೃತ ದಾಖಲೆಗೆ ಸೇರಿತು. ಅಲ್ಲಿನ ಆಟಗಾರ ಜಾಶ್ ಗಿಬ್ಸನ್ 1943ರಲ್ಲಿ ಗಳಿಸಿದ .466 ಈಗ ಒಂದು ಸೀಸನ್‌ನ ಅತ್ಯುನ್ನತ ಸರಾಸರಿ. ಈ ತಿದ್ದುಪಡಿಗೆ ವಿಲಿಯಮ್ಸ್ ಅವರೇ ಬೇಸರಪಡುತ್ತಿರಲಿಲ್ಲ ಎಂದು ನಂಬಲು ಕಾರಣವಿದೆ. 1966ರಲ್ಲಿ ಹಾಲ್ ಆಫ್ ಫೇಮ್ ಗೌರವ ಸ್ವೀಕರಿಸುತ್ತ, ಅವಕಾಶ ಸಿಗದ ಕಪ್ಪು ಆಟಗಾರರ ಪ್ರತೀಕವಾಗಿ ಸ್ಯಾಚೆಲ್ ಪೇಜ್ ಮತ್ತು ಗಿಬ್ಸನ್ ಅವರನ್ನೂ ಅಲ್ಲಿಗೆ ಸೇರಿಸಬೇಕೆಂದು ಅವರು ವೇದಿಕೆಯಿಂದಲೇ ಕೇಳಿದರು. ಪೇಜ್ 1971ರಲ್ಲಿ, ಗಿಬ್ಸನ್ 1972ರಲ್ಲಿ ಸೇರಿದರು.