ಪಾಂಬನ್ನಿನ ಕಡಲ ದನಿ

ರಾಮೇಶ್ವರಕ್ಕೆ ಹೊರಟ ನಮ್ಮ ಕಡೆಯ ಯಾತ್ರಿಕರು ಪಾಂಬನ್ ಸೇತುವೆ ಬಂದೊಡನೆ ಕಿಟಕಿಗೆ ಮುಗಿಬೀಳುತ್ತಾರೆ. ಎರಡೂ ಕಡೆ ಹಸಿರುಗಟ್ಟಿದ ನೀಲಿ ನೀರು, ಮುಖಕ್ಕೆ ರಾಚುವ ಉಪ್ಪುಗಾಳಿ. ಸೇತುವೆ ದಾಟಿತೋ ಇಲ್ಲವೋ, ಮನಸ್ಸು ಗುಡಿಯ ಇಪ್ಪತ್ತೆರಡು ತೀರ್ಥಗಳತ್ತ ಓಡುತ್ತದೆ. ನೀವು ನನ್ನೊಡನೆ ಇಲ್ಲೇ, ಪಾಂಬನ್ನಿನಲ್ಲೇ ಇಳಿದುಬಿಡಿ.

ದಡದ ತುಂಬ ಒಣಮೀನಿನ ಘಾಟು, ಡೀಸೆಲ್ ಹೊಗೆ. ದೋಣಿಯ ನೆರಳಿನಲ್ಲಿ ಕೂತ ಅಜ್ಜ ಕಾಲಿನ ಹೆಬ್ಬೆರಳಿಗೆ ಬಲೆಯ ಅಂಚು ಸಿಕ್ಕಿಸಿಕೊಂಡು ಎಳೆದು ಹಿಡಿದಿದ್ದಾನೆ; ಬಲೆಸೂಜಿ ಹರಿದ ಕಣ್ಣುಗಳ ನಡುವೆ ನುಸುಳಿ, ಗಂಟು ಬಿಗಿದು, ಮತ್ತೆ ಮೇಲೇಳುತ್ತದೆ. ಅಂಗಿ ಜೇಬಿನ ಮೊಬೈಲಿನಿಂದ ಹೊರಟ ಇಯರ್‌ಫೋನಿನ ಒಂದು ತುದಿ ಕಿವಿಯಲ್ಲಿದೆ, ಇನ್ನೊಂದು ಎದೆಯ ಮೇಲೆ ತೂಗುತ್ತಿದೆ. ಆ ತಂತಿಯೇ ರೇಡಿಯೊದ ಆಂಟೆನಾ. ಅದನ್ನು ಕಿತ್ತರೆ ಬರೀ ಗೊರಗೊರ.

ಹಾಡು ನಿಂತು, ಹುಡುಗಿಯೊಬ್ಬಳ ದನಿ ಅಲೆಯ ಎತ್ತರ ಹೇಳಲು ಶುರುಮಾಡಿದೊಡನೆ ಸೂಜಿ ಅರ್ಧದಲ್ಲೇ ನಿಲ್ಲುತ್ತದೆ. ಇದು 90.4, ‘ಕಡಲ್ ಓಸೈ’. ಕಡಲು ನಮಗೂ ಕಡಲೇ. ಓಸೈ ಎಂದರೆ ಸದ್ದು. 2016ರ ಆಗಸ್ಟ್ 15ರಂದು ಶುರುವಾದ, ಮೀನುಗಾರರಿಗೆಂದೇ ಮೀಸಲಾದ ಸಮುದಾಯ ರೇಡಿಯೊ. ಮೈಕಿನ ಮುಂದೆ ಕೂರುವವರೂ ಮೀನುಗಾರರ ಮನೆಯ ಮಕ್ಕಳೇ.

ಇಷ್ಟು ಪುಟ್ಟ ದನಿ ಗಾಳಿಗೆ ಏರಲು ದೇಶ ಬಹಳ ಕಾಲ ಕಾದಿದೆ. ಆಕಾಶದ ತರಂಗಗಳು ಜನರ ಆಸ್ತಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1995ರಲ್ಲಿ. ಆಮೇಲೂ ಅನುಮತಿ ಸಿಗದೆ ನಮ್ಮ ಕೋಲಾರ ಜಿಲ್ಲೆಯ ಬೂದಿಕೋಟೆಯವರು ಕೇಬಲ್ ಎಳೆದು ಮನೆಮನೆಗೆ ‘ನಮ್ಮ ಧ್ವನಿ’ ಕೇಳಿಸಿದರು. ಸಂಘಸಂಸ್ಥೆಗಳಿಗೆ ಬಾಗಿಲು ತೆರೆದದ್ದು 2006ರಲ್ಲಿ. ಅದೂ 100 ವಾಟ್ ಶಕ್ತಿಯ ಮಿತಿಯೊಳಗೆ, ಹಳೆಯ ಕಾಲದ ಒಂದು ದೊಡ್ಡ ಬಲ್ಬಿನಷ್ಟು!

ಬಲ್ಬಿನಷ್ಟೇ ಇರಲಿ. ಈ ದ್ವೀಪದವರಿಗೆ ಮುನ್ಸೂಚನೆಯ ಬೆಲೆ ಗೊತ್ತು. 1964ರ ಡಿಸೆಂಬರ್ 22ರ ರಾತ್ರಿ ಪಾಂಬನ್ನಿನಿಂದ ಹೊರಟ ಪ್ಯಾಸೆಂಜರ್ ರೈಲು ದ್ವೀಪದ ತುದಿಯ ಧನುಷ್ಕೋಡಿ ಮುಟ್ಟಲಿಲ್ಲ; ಚಂಡಮಾರುತದ ಅಲೆ ನೂರಕ್ಕೂ ಹೆಚ್ಚು ಪ್ರಯಾಣಿಕರ ಸಮೇತ ಅದನ್ನು ನುಂಗಿತು, ಊರನ್ನೂ ಹಾಳುಗೆಡವಿತು.

ಈಗ ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಅಲೆ, ಗಾಳಿಯ ಲೆಕ್ಕವನ್ನು ದಿನವೂ ಕೊಡುತ್ತದೆ. ಆದರೆ ಮೀನುಗಾರನಿಗೆ ಗಾಳಿ ಎಂದರೆ ಅಂಕಿಯಲ್ಲ. ಬಡಗಣದಿಂದ ಬೀಸಿದರೆ ‘ವಾಡೈ’, ಮೂಡಣದಿಂದ ಬಂದರೆ ‘ಕೊಂಡಲ್’; ಒಂದೊಂದಕ್ಕೂ ಒಂದೊಂದು ಗುಣ. ಇಂಥ ಕಡೆ ತನ್ನ ಕೇರಿಯ ಹುಡುಗಿ ತನ್ನ ಮಾತಿನಲ್ಲೇ ‘ಇವತ್ತು ಬೇಡ’ ಎಂದರೆ ಅದಕ್ಕಿರುವ ತೂಕ ಯಾವ ಸರ್ಕಾರಿ ಪ್ರಕಟಣೆಗೂ ಬಾರದು ಎಂಬುದು ನನ್ನ ಗಟ್ಟಿ ನಂಬಿಕೆ. ಸುತ್ತಲಿನ ನಡುಗಡ್ಡೆಗಳ ಬಳಿ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮುಳುಗಿ ಕಡಲಪಾಚಿ ಕೀಳುವ ಹೆಂಗಸರಿಗೂ ಆ ಮಾತು ಬೇಕು. ಏಪ್ರಿಲ್ 15ರಿಂದ 61 ದಿನದ ಮೀನುಗಾರಿಕೆ ನಿಷೇಧಕ್ಕೆ ಯಾಂತ್ರಿಕ ದೋಣಿಗಳು ದಡ ಸೇರಿ ನಿಂತಾಗ, ಕಡಲಿನ ಸುದ್ದಿಗೆ ಕಿವಿಗೊಡಲು ಬಿಡುವೂ ಸಿಗುತ್ತದೆ.

ಅಜ್ಜ ಇಯರ್‌ಫೋನ್ ಕಿತ್ತು ನೀರಿನತ್ತ ಒಮ್ಮೆ ನೋಡಿದ. ದೋಣಿ ತಳ್ಳಲಿಲ್ಲ, ಮತ್ತೆ ಸೂಜಿ ಎತ್ತಿಕೊಂಡ. ಮುಂದಿನ ಸಲ ರಾಮೇಶ್ವರಕ್ಕೆ ಹೋದಾಗ, ಸೇತುವೆ ದಾಟುತ್ತಿದ್ದಂತೆ ನೀವೂ ಕಿವಿಗೆ ತಂತಿ ಸಿಕ್ಕಿಸಿ 90.4 ಹುಡುಕಿ.