ನಿಲ್ಲದ ಕೈಗಳು

ಶಿಶುವಿನ ಬುದ್ಧಿಯ ವಿಕಾಸವನ್ನು ಹಿರಿಯರು ಗುರುತಿಸುವುದು ಬಹುಮಟ್ಟಿಗೆ ಅದರ ಕೈಗಳಿಂದ. ಗಿಲಕಿಯನ್ನು ಹಿಡಿಯುವುದು, ತುತ್ತನ್ನು ಬಾಯಿಗೊಯ್ಯುವುದು, ಚಂದಮಾಮನನ್ನು ತೋರುವುದು ಇವೆಲ್ಲ ಕೈಗಳು ಕಲಿತ ವಿದ್ಯೆಗಳು. ಕಲಿತುದನ್ನು ಮರೆತು, ಒಂದನ್ನೊಂದು ಹೊಸೆಯುತ್ತ ಆ ಕೈಗಳು ನಿಲ್ಲದಾದರೆ ಅದು ರೆಟ್ ಸಿಂಡ್ರೋಮ್ ಎಂಬ ವಿರಳ ವ್ಯಾಧಿಯ ಸೂಚನೆಯಾಗಿರಬಹುದು.

1954ರಲ್ಲಿ ವಿಯೆನ್ನಾ ನಗರದ ಮಕ್ಕಳ ವೈದ್ಯ ಆಂಡ್ರಿಯಾಸ್ ರೆಟ್ ಅವರು, ತಾಯಂದಿರ ಮಡಿಲಲ್ಲಿ ಕುಳಿತಿದ್ದ ಇಬ್ಬರು ಬಾಲಕಿಯರು ಒಂದೇ ತೆರನಾಗಿ ಕೈಗಳನ್ನು ಹೊಸೆಯುತ್ತಿದ್ದುದನ್ನು ಕಂಡರು. 1966ರಲ್ಲಿ ಆ ವ್ಯಾಧಿಯ ವಿವರಗಳನ್ನು ಪ್ರಕಟಿಸಿದರು. ಎಕ್ಸ್ ವರ್ಣತಂತುವಿನಲ್ಲಿರುವ ಒಂದು ವಂಶವಾಹಿಯ ದೋಷವೇ ಇದಕ್ಕೆ ಮೂಲವೆಂಬುದು 1999ರಲ್ಲಿ ತಿಳಿಯಿತು. ಇದು ಕಾಣುವುದು ಬಹುತೇಕ ಹೆಣ್ಣುಮಕ್ಕಳಲ್ಲಿ. ಸುಮಾರು 10,000 ಮಂದಿಯಲ್ಲಿ ಒಬ್ಬಳಿಗೆ. ಬಹುಪಾಲು ಸಂದರ್ಭಗಳಲ್ಲಿ ಈ ದೋಷ ಹೊಸದಾಗಿ ಸಂಭವಿಸಿದ್ದೇ ಹೊರತು ಮನೆತನದಿಂದ ಇಳಿದುಬಂದದ್ದಲ್ಲ. ಆದುದರಿಂದ ತಾಯಿಯನ್ನಾಗಲಿ ಗ್ರಹಣವನ್ನಾಗಲಿ ದೂಷಿಸುವುದು ಸಲ್ಲದು.

ಮಗು ಮೊದಲ ಆರು ತಿಂಗಳಿಂದ ಒಂದೂವರೆ ವರ್ಷದವರೆಗೆ ಎಲ್ಲರಂತೆಯೇ ಬೆಳೆಯುವಂತೆ ತೋರುತ್ತದೆ. ಬಳಿಕ ಆಡುತ್ತಿದ್ದ ಮಾತು ಅಡಗುತ್ತದೆ, ಹಿಡಿತ ಸಡಿಲುತ್ತದೆ, ಹಿಸುಕುವುದು, ತಟ್ಟುವುದು, ಬಾಯಿಗಿಡುವುದು ಮೊದಲಾಗುತ್ತವೆ. ನಿದ್ರೆಯಲ್ಲಿ ಈ ಚಲನೆ ನಿಲ್ಲುತ್ತದೆ, ಕಳವಳವಾದಾಗ ಹೆಚ್ಚುತ್ತದೆ. ಇದು ಹಟವಲ್ಲ, ದುರಭ್ಯಾಸವೂ ಅಲ್ಲ. ಗದರಿಸಿದರೆ ನಿಲ್ಲದು, ಕೈಕಟ್ಟಿ ಕೂರೆಂಬ ಆಜ್ಞೆಯನ್ನು ಪಾಲಿಸುವುದು ಆ ಬಾಲೆಗೆ ಸಾಧ್ಯವೇ ಇಲ್ಲ. ಚರ್ಮ ಒಡೆಯುವಷ್ಟಾದರೆ ಮಾತ್ರ ವೈದ್ಯರ ಸಲಹೆಯಂತೆ ಮೊಣಕೈಗೆ ಮೆತ್ತನೆಯ ಪಟ್ಟಿಯನ್ನು ಕೆಲಹೊತ್ತು ತೊಡಿಸುವುದುಂಟು.

ಕೈ ಸೋತಲ್ಲಿ ಕಣ್ಣು ಮಾತನಾಡುತ್ತದೆ. ಎರಡು ಚಿತ್ರಗಳನ್ನು ಮುಂದಿಟ್ಟು, ಅವಸರಿಸದೆ ಕಾದರೆ, ಬೇಕಾದುದನ್ನು ಇಂಥ ಮಕ್ಕಳು ನೋಟದಿಂದಲೇ ಸೂಚಿಸಬಲ್ಲರು. ಉತ್ತರ ತಡವಾದುದರಿಂದ ತಿಳಿವಳಿಕೆಯೇ ಇಲ್ಲವೆಂದು ತೀರ್ಮಾನಿಸುವುದು ಗುರುವಾದವನು ಮಾಡಬಾರದ ತಪ್ಪು. 2007ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗದಲ್ಲಿ, ಆ ವಂಶವಾಹಿ ಮರಳಿ ಕಾರ್ಯಪ್ರವೃತ್ತವಾದಾಗ ರೋಗಲಕ್ಷಣಗಳು ಹಿಮ್ಮೆಟ್ಟಿದವು. ಮನುಷ್ಯರಲ್ಲಿ ಪೂರ್ಣ ಗುಣ ಇನ್ನೂ ಸಾಧ್ಯವಾಗಿಲ್ಲವಾದರೂ, ಒಳಗಿನ ದೀಪ ಆರಿಲ್ಲವೆಂಬ ಭರವಸೆಗೆ ಇದು ಆಧಾರ.

ಗಂಗಾನಗರದ ಯಾವುದೇ ಶಿಶುವಿಹಾರದಲ್ಲಿ, ಕಲಿತುದನ್ನು ಮರೆಯುತ್ತಿರುವ ಮಗು ಕಂಡರೆ, ಮುಂದಿನ ವರ್ಷ ಸರಿಹೋದೀತೆಂದು ಕಾಯುವುದು ತರವಲ್ಲ. ಮಕ್ಕಳ ಮನಸ್ಸು ಮತ್ತು ನರರೋಗಗಳ ತಜ್ಞರಿರುವ ನಿಮ್ಹಾನ್ಸ್ ಸಂಸ್ಥೆ ಇದೇ ನಗರದಲ್ಲಿ, ಹೊಸೂರು ರಸ್ತೆಯಲ್ಲಿದೆ. ಗಣನೀಯ ವೈಕಲ್ಯವುಳ್ಳ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಶಿಕ್ಷಣದ ಹಕ್ಕನ್ನು 2016ರ ಕಾಯಿದೆ ನೀಡಿದೆ. ಆ ಹಕ್ಕು ಕಾಗದದಲ್ಲಿ ಉಳಿಯದಂತೆ ನೋಡಿಕೊಳ್ಳುವುದು ಶಿಕ್ಷಕರಿಗೂ ದಾನಿಗಳಿಗೂ ಸೇರಿದ ಹೊಣೆ. ಬರೆಯಲಾರದ ಕೈಗಳಿಗೂ ಶಾಲೆಯ ಬಾಗಿಲು ತೆರೆದಿರಬೇಕು.