ಹೊಟ್ಟೆನೋವು, ಓಕರಿಕೆ: ಹೊಲದಿಂದ ಬರುವ ಕಾರಣಗಳು

ಬೇಸಾಯದ ಪತ್ರಿಕೆಯಲ್ಲಿ ಹೊಟ್ಟೆನೋವಿನ ಪ್ರಸ್ತಾಪವೇಕೆಂದು ವಾಚಕರು ಕೇಳಬಹುದು. ಹೊಟ್ಟೆನೋವೂ ಓಕರಿಕೆಯೂ ಒಟ್ಟಿಗೆ ಬಂದಾಗ, ಅಜೀರ್ಣವೆಂದೋ ದೃಷ್ಟಿ ತಾಗಿತೆಂದೋ ತೀರ್ಮಾನಿಸಿ, ಶುಂಠಿಯ ಕಷಾಯ ಕೊಟ್ಟು ಮಲಗಿಸುವುದು ನಮ್ಮ ಗ್ರಾಮಗಳಲ್ಲಿ ರೂಢಿಯಾಗಿರುವುದು. ಅನೇಕ ಸಲ ಅದರಿಂದ ಹಾನಿಯೇನೂ ಇಲ್ಲ. ಹಳಸಿದ ಪದಾರ್ಥದಿಂದಲೋ ಅತಿಭೋಜನದಿಂದಲೋ ಬಂದ ಬಾಧೆಯು ಸಾಮಾನ್ಯವಾಗಿ ಒಂದೆರಡು ದಿನಗಳಲ್ಲಿ ತಾನಾಗಿಯೇ ಶಮನವಾಗುವುದು. ಆದರೆ ಇದೇ ಎರಡು ಲಕ್ಷಣಗಳು ಬೆಳೆಗೆ ಹೊಡೆದ ವಿಷದಿಂದಲೂ, ರಾತ್ರಿ ಕಚ್ಚಿದ ಹಾವಿನಿಂದಲೂ ಬರುವುವು. ಅಂಥಲ್ಲಿ ಮಲಗಿಸಿ ಕಾಯುವುದೇ ಪ್ರಾಣಾಪಾಯಕ್ಕೆ ದಾರಿ. ಆಳು ಹೊಟ್ಟೆ ಹಿಡಿದು ಕುಳಿತನೆಂಬ ಸುದ್ದಿಯು ಮೊದಲು ತಲಪುವುದು ಜಮೀನಿನ ಯಜಮಾನರಿಗೆ, ಅನಂತರ ಊರಿನ ಮುಖಂಡರಿಗೆ. ವೈದ್ಯರಿಗೆ ತಲಪುವುದು ಕಟ್ಟಕಡೆಗೆ. ಆದುದರಿಂದಲೇ ಈ ವಿಚಾರವನ್ನು ಅವರ ಮುಂದಿಟ್ಟಿದೆ.

ಮೊನೊಕ್ರೊಟೊಫಾಸ್, ಕ್ಲೋರ್‌ಪೈರಿಫಾಸ್, ಪ್ರೊಫೆನೊಫಾಸ್ ಮೊದಲಾದ ಕೀಟನಾಶಕಗಳು ರಂಜಕವು ಸೇರಿರುವ ಒಂದೇ ವರ್ಗದವು. ನರಗಳ ಆಜ್ಞೆಯನ್ನು ಸ್ನಾಯುಗಳಿಗೂ ಗ್ರಂಥಿಗಳಿಗೂ ಮುಟ್ಟಿಸುವ ದ್ರವ್ಯವೊಂದು ಶರೀರದಲ್ಲಿರುವುದು. ಕೆಲಸ ಮುಗಿದೊಡನೆ ಅದನ್ನು ಒಡೆದುಹಾಕುವ ದ್ರವ್ಯ ಮತ್ತೊಂದಿರುವುದು. ಈ ವಿಷಗಳು ಎರಡನೆಯದರ ಕೆಲಸವನ್ನು ತಡೆಯುವುವು. ಆಗ ಆಜ್ಞೆಯು ನಿಲ್ಲದೆ ನಡೆದು ಕರುಳು ಹಿಂಡುವುದು, ಓಕರಿಕೆ ವಾಂತಿಗಳಾಗುವುವು, ಬಾಯಲ್ಲಿ ಜೊಲ್ಲೂ ಕಣ್ಣಲ್ಲಿ ನೀರೂ ಸುರಿಯುವುವು, ಮೈಯೆಲ್ಲ ಬೆವರುವುದು. ಕಣ್ಣಿನ ಪಾಪೆಯು ಸೂಜಿಯ ಮೊನೆಯಷ್ಟಕ್ಕೆ ಕುಗ್ಗುವುದು. ಎದೆಯಲ್ಲಿ ಕಫ ತುಂಬಿ ಉಸಿರು ಗೊರಗೊರ ಎನ್ನತೊಡಗಿದರೆ ಕಾಲ ಮೀರುತ್ತಿದೆಯೆಂದು ತಿಳಿಯಬೇಕು.

ಕುಡಿದರೆ ಮಾತ್ರ ವಿಷವೆಂಬುದು ತಪ್ಪು ತಿಳಿವಳಿಕೆ. ಸೋರುವ ಪಂಪಿನಿಂದ ಬೆನ್ನಿನ ಅಂಗಿ ನೆನೆದರೆ ಅದು ಚರ್ಮದ ಮೂಲಕವೇ ಒಳಸೇರುವುದು. ಕಟ್ಟಿಕೊಂಡ ನಾಜಲ್ಲನ್ನು ಬಾಯಿಂದ ಊದುವುದೂ, ಕೈ ತೊಳೆಯದೆ ಎಲೆಯಡಿಕೆ ಹಾಕುವುದೂ ಇನ್ನೆರಡು ದಾರಿಗಳು. ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ 2017ನೆಯ ಇಸವಿಯಲ್ಲಿ ಹತ್ತಿಯ ಬೆಳೆಗೆ ಸಿಂಪಡಿಸುತ್ತಿದ್ದ ಅನೇಕ ಕೃಷಿಕರೂ ಕೂಲಿಗಳೂ ಹೀಗೆಯೇ ಮೃತರಾದರು. ಈ ದ್ರವವನ್ನು ಜನರು ‘ಔಷಧಿ’ಯೆಂದೇ ಕರೆಯುತ್ತಿರುವುದು ನಮಗೆ ಸರಿದೋರದು, ಔಷಧಿಯೆಂದ ಮೇಲೆ ಭಯವೆಲ್ಲಿಂದ ಬಂದೀತು?

ಸಿಂಪಡಿಸಿದವನಿಗೆ ಹೊಟ್ಟೆ ನುಲಿಯತೊಡಗಿದೊಡನೆ ಅವನನ್ನು ಹೊಲದಿಂದ ಹೊರತರತಕ್ಕದ್ದು. ನೆನೆದ ಬಟ್ಟೆಯನ್ನು ಕಳಚಿ ಮೈಯನ್ನೂ ತಲೆಯನ್ನೂ ಸಾಬೂನು ಹಚ್ಚಿ ಧಾರಾಳವಾದ ನೀರಿನಿಂದ ತೊಳೆಯಬೇಕು. ತೊಳೆಯುವವರು ಬರಿಗೈಯಿಂದ ಮುಟ್ಟಕೂಡದು. ಉಪ್ಪುನೀರು ಕುಡಿಸಿ ವಾಂತಿ ಮಾಡಿಸುವುದೂ, ಹಾಲು ಎಣ್ಣೆಗಳನ್ನು ಕೊಡುವುದೂ ಕೂಡದು. ವಾಂತಿಯು ಶ್ವಾಸಕೋಶಕ್ಕೆ ಇಳಿದೀತು. ಎಡಮಗ್ಗುಲಿಗೆ ಮಲಗಿಸಿ, 108ಕ್ಕೆ ಕರೆಮಾಡಿ, ವಿಷದ ಡಬ್ಬಿಯನ್ನು ಚೀಟಿಯ ಸಹಿತ ಆಸ್ಪತ್ರೆಗೆ ಒಯ್ಯತಕ್ಕದ್ದು. ಈ ವರ್ಗದ ವಿಷಕ್ಕೆ ಅಟ್ರೋಪಿನ್ ಎಂಬ ಮದ್ದುಂಟು, ಆದರೆ ಡಬ್ಬಿ ನೋಡದೆ ವೈದ್ಯರಿಗೆ ವರ್ಗವು ತಿಳಿಯುವುದು ಕಷ್ಟ. ಉಗ್ರಾಣದ ಧಾನ್ಯಕ್ಕಿಡುವ ಅಲ್ಯೂಮಿನಿಯಂ ಫಾಸ್ಫೈಡಿನ ಮಾತ್ರೆಗೆ ಅಂಥ ಪ್ರತಿವಿಷವೇ ಇಲ್ಲ. ಅದನ್ನು ಜನರು ಮಲಗುವ ಮನೆಯಲ್ಲಿ ಎಂದಿಗೂ ಇಡಬಾರದು.

ಕೂಲಿ ಕಡಿದಾರೆಂಬ ಅಂಜಿಕೆಯಿಂದ ಆಳುಗಳು ನೋವನ್ನು ಮುಚ್ಚಿಡುವುದುಂಟು. ಅಸ್ವಸ್ಥನಾದವನಿಗೆ ಅಂದಿನ ಪೂರ್ಣ ಕೂಲಿ ಸಲ್ಲುವುದೆಂದು ಸಿಂಪಡಿಸುವ ಮುನ್ನವೇ ಯಜಮಾನರು ಹೇಳಿಬಿಡುವುದು ಮೇಲು.

ಎರಡನೆಯ ಕಾರಣವು ಕಟ್ಟುಹಾವು. ಇದು ರಾತ್ರಿಯ ವೇಳೆ ಸಂಚರಿಸಿ, ನೆಲದ ಮೇಲೆ ಮಲಗಿದವರನ್ನು ಕಚ್ಚುವುದು. ಕಡಿತವು ಅಷ್ಟಾಗಿ ನೋಯುವುದಿಲ್ಲ, ಗಾಯದ ಗುರುತೂ ಹಲವು ವೇಳೆ ಕಾಣದು. ನಡುರಾತ್ರಿಯಲ್ಲೋ ಬೆಳಗಿನ ಜಾವದಲ್ಲೋ ರೋಗಿಯು ಹೊಟ್ಟೆನೋವು, ವಾಂತಿಯೆಂದು ಎದ್ದು ಕೂರುವನು. ಮನೆಯವರು ರಾತ್ರಿಯ ಊಟವನ್ನು ದೂರುತ್ತಿರುವಷ್ಟರಲ್ಲಿ ಅವನ ರೆಪ್ಪೆಗಳು ಜೋಲತೊಡಗುವುವು, ನುಂಗುವುದು ಕಷ್ಟವಾಗುವುದು, ಕೊನೆಗೆ ಉಸಿರಾಟವೇ ನಿಲ್ಲುವುದು. ಆದಕಾರಣ, ನೆಲದ ಮೇಲೆ ಮಲಗಿದ್ದವನಿಗೆ ರಾತ್ರಿಯಲ್ಲಿ ಕಾರಣವಿಲ್ಲದೆ ಹೊಟ್ಟೆನೋವು ಬಂದರೆ, ಕಚ್ಚಿದ ಗುರುತಿಗಾಗಿ ಹುಡುಕುತ್ತ ಕೂರದೆ, ಸರ್ಪವಿಷದ ಪ್ರತಿವಿಷವಿರುವ ಆಸ್ಪತ್ರೆಗೆ ಸಾಗಿಸತಕ್ಕದ್ದು. ಮಂಚವೂ, ಅಂಚುಗಳನ್ನು ಹಾಸಿಗೆಯಡಿ ಸಿಕ್ಕಿಸಿದ ಸೊಳ್ಳೆಪರದೆಯೂ ಉತ್ತಮ ರಕ್ಷಣೆ. ತೋಟ ಕಾಯುವ ಆಳಿಗೆ ಇವೆರಡನ್ನು ಒದಗಿಸುವುದು ದೊಡ್ಡ ವೆಚ್ಚವಲ್ಲ.

ಹೊಲಕ್ಕೆ ಸಂಬಂಧಿಸದ ಕಾರಣಗಳೂ ಹಲವಿವೆ. ಹೊಕ್ಕಳ ಬಳಿ ಆರಂಭವಾದ ನೋವು ಕೆಲವು ಗಂಟೆಗಳಲ್ಲಿ ಕೆಳಹೊಟ್ಟೆಯ ಬಲಭಾಗಕ್ಕೆ ಇಳಿದರೆ ಅದು ಅಪೆಂಡಿಕ್ಸಿನ ಬಾವು ಆಗಿರಬಹುದು. ಆಗ ಹರಳೆಣ್ಣೆ ಕುಡಿಸುವುದು ಅಪಾಯಕರ. ಬಾವು ಒಡೆಯುವ ಸಂಭವವುಂಟು. ವಯಸ್ಸಾದವರಿಗೆ ಮೇಲುಹೊಟ್ಟೆಯ ನೋವೂ ತಣ್ಣನೆಯ ಬೆವರೂ ಕೂಡಿ ಬಂದರೆ ಹೃದಯಾಘಾತವನ್ನು ಶಂಕಿಸಬೇಕು.

ಒಂದೇ ಊಟದ ಅನಂತರ ಹಲವರಿಗೆ ಏಕಕಾಲದಲ್ಲಿ ನೋವು ಬಂದರೆ ಊರಿನ ಮುಖಂಡರು ಆ ಅಡುಗೆಯನ್ನು ಒಡನೆಯೇ ನಿಲ್ಲಿಸಿ, ಉಳಿದುದನ್ನು ಚೆಲ್ಲದೆ ಪರೀಕ್ಷೆಗೆ ಇರಿಸತಕ್ಕದ್ದು. ಬಿಹಾರದ ಸಾರಣ ಜಿಲ್ಲೆಯ ಶಾಲೆಯೊಂದರಲ್ಲಿ 2013ನೆಯ ಜುಲೈ 16ರಂದು ಬಿಸಿಯೂಟವನ್ನುಂಡು 23 ಮಕ್ಕಳು ಸತ್ತರು; ಅಡುಗೆಯ ಎಣ್ಣೆಯಲ್ಲಿ ಮೊನೊಕ್ರೊಟೊಫಾಸ್ ಇದ್ದುದು ಪರೀಕ್ಷೆಯಿಂದ ತಿಳಿದುಬಂದಿತು. ನಮ್ಮ ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ 2018ನೆಯ ಡಿಸೆಂಬರ್ 14ರಂದು ಪ್ರಸಾದದಲ್ಲಿ ಬೆರೆತಿದ್ದುದೂ ಇದೇ ವಿಷ.

ಬರಿದಾದ ಡಬ್ಬಿಗಳನ್ನು ತೊಳೆದು ಎಣ್ಣೆಗೋ ನೀರಿಗೋ ಬಳಸುವ ಪದ್ಧತಿಯು ಕೂಡಲೇ ನಿಲ್ಲತಕ್ಕದ್ದು. ಅವನ್ನು ಮತ್ತೆ ಬಳಸಲಾಗದಂತೆ ತೂತುಮಾಡಬೇಕು. ತುಂಬಿದವನ್ನು ಮೂಲದ ಡಬ್ಬಿಯಲ್ಲಿಯೇ ಉಳಿಸಿ, ಧಾನ್ಯದಿಂದಲೂ ಅಡುಗೆಮನೆಯಿಂದಲೂ ದೂರವಾಗಿ ಬೀಗದಲ್ಲಿಡಬೇಕು. ಚೀಟಿಯ ಮೇಲಿನ ವಜ್ರಾಕೃತಿಯ ಕೆಳಭಾಗದ ಬಣ್ಣವನ್ನು ಓದುಬಾರದ ಆಳಿಗೂ ತೋರಿಸಿಕೊಡಬಹುದು: ಕೆಂಪು ಅತ್ಯುಗ್ರ; ಹಳದಿ, ನೀಲಿ, ಹಸಿರುಗಳು ಕ್ರಮವಾಗಿ ಅದಕ್ಕಿಂತ ಕಡಮೆ. ಬೀಗದ ಕೈಯು ಯಜಮಾನರ ಬಳಿಯಲ್ಲಿಯೇ ಇರಲಿ.